ಮಿಕ್ಕ ಬಾಡಿಗೆ ಮೊದಲು ಭೋಗ್ಯ ಬಿಡಿಸಲಿ

ಮೈಸೂರಿನ ಕೆಸರೆಯಂಥ ಬಡಾವಣೆಯಲ್ಲಿ ಕೆಳಮನೆ ಭೋಗ್ಯಕ್ಕೆ, ಮೇಲ್ಮನೆ ಬಾಡಿಗೆಗೆ ಕೊಟ್ಟವರ ಕೈಯಲ್ಲಿ ಖರ್ಚು ಕಳೆದು ಒಂದಿಷ್ಟು ಮಿಕ್ಕಿತು ಎನ್ನಿ. ಚೀಟಿಗೆ ಹಾಕುವುದೋ, ಇನ್ನೊಂದು ಫ್ಲೋರ್ ಎಬ್ಬಿಸುವುದೋ? ಎರಡೂ ಬೇಡ, ಮೊದಲು ಭೋಗ್ಯದ ದುಡ್ಡು ವಾಪಸ್ ಕೊಡಲು ಕೂಡಿಡಿ. ಭೋಗ್ಯಕ್ಕೆ ಬಡ್ಡಿಯಿಲ್ಲ ಅನ್ನುತ್ತಾರೆ. ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. 5 ಲಕ್ಷ ಭೋಗ್ಯದ ಮನೆಗೆ ತಿಂಗಳಿಗೆ 6,000 ಬಾಡಿಗೆ ಹುಟ್ಟುವಂತಿದ್ದರೆ, ವರ್ಷಕ್ಕೆ ಕೈಬಿಟ್ಟದ್ದು 72,000. ಅಂದರೆ ಶೇ. 14.4 ಬಡ್ಡಿ! ಯಾವ ದೊಡ್ಡ ಬ್ಯಾಂಕಿನ ಎಫ್‌ಡಿ ಇಷ್ಟು ಕೊಡುತ್ತದೆ?

ಬಾಡಿಗೆಗೆ ಟ್ಯಾಕ್ಸ್ ಬೀಳುತ್ತಲ್ಲ ಅಂತೀರಿ. ನಿಜ, ಆದರೆ ಮನೆ ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ಶೇ. 30ನ್ನು ಆದಾಯ ತೆರಿಗೆ ಕಾನೂನೇ ಬಿಟ್ಟುಕೊಡುತ್ತದೆ. ಎಫ್‌ಡಿ ಬಡ್ಡಿಗೆ ಆ ಭಾಗ್ಯವಿಲ್ಲ. ಮನೆ ಖಾಲಿ ಬಿದ್ದರೆ? ಎರಡು ತಿಂಗಳು ಬಾಗಿಲು ಹಾಕಿದ್ದರೂ ಶೇ. 12 ಸಿಕ್ಕಂತಾಯಿತು. ಹೊಸ ಫ್ಲೋರಿಗೆ 15 ಲಕ್ಷ ಸುರಿದು 8,000 ಬಾಡಿಗೆ ಬಂದರೆ ಶೇ. 6.4 ಮಾತ್ರ, ಅದೂ ಸಾಲ ಮಾಡದೆ ಕಟ್ಟಿದರೆ. ಹಾಗಾಗಿ ಭೋಗ್ಯದ ಕರಾರು ಮುಗಿಯುವ ತಿಂಗಳಿಗೆ ಕೈಗೆ ಬರುವಂತೆ ಬ್ಯಾಂಕಿನಲ್ಲಿ ಆರ್‌ಡಿ ಕಟ್ಟಿ; ಹಳಬರಿಗೆ ದುಡ್ಡು ಕೊಡಲು ಹೊಸ ಭೋಗ್ಯದವರನ್ನು ಹುಡುಕುವ ಗೋಳು ಇರುವುದಿಲ್ಲ.