ಉಮ್ಮತ್ತಿಯ ಬೇರು, ರಾಬಿನ್ಸನ್ನರ ಪಾತ್ರೆ

ಹಾಳು ಹಿತ್ತಲಲ್ಲಿ, ತಿಪ್ಪೆಯ ಬದಿಯಲ್ಲಿ ತಾನಾಗಿ ಬೆಳೆಯುವ ಉಮ್ಮತ್ತಿ ಗಿಡ ತನ್ನ ಬೇರಿನಲ್ಲಿ ಅಟ್ರೋಪಿನ್ ಜಾತಿಯ ವಿಷ ತಯಾರಿಸುತ್ತದೆ. ಆ ಅಣುವಿನ ಒಡಲಲ್ಲಿ ಇಂಗಾಲದ ಉಂಗುರಕ್ಕೆ ಅಡ್ಡಲಾಗಿ ಸಾರಜನಕದ ಸೇತುವೆಯೊಂದಿದೆ. ಅದನ್ನು ಕಟ್ಟಲು ಗಿಡಕ್ಕೆ ಒಲೆ ಬೇಡ, ಗಂಧಕಾಮ್ಲ ಬೇಡ. ನೀರು ಮತ್ತು ಒಂದಿಷ್ಟು ಕಿಣ್ವ ಸಾಕು.

ಮನುಷ್ಯರು ಮೊದಲು ಹಿಡಿದದ್ದು ಸುತ್ತುಬಳಸಿನ ದಾರಿ. 20ನೇ ಶತಮಾನದ ಆರಂಭದಲ್ಲಿ ಜರ್ಮನಿಯ ರಿಚರ್ಡ್ ವಿಲ್‌ಸ್ಟೇಟರ್ ಈ ಸೇತುವೆಯಿರುವ ಟ್ರೋಪಿನೋನ್ ತಯಾರಿಸಿದರು. ಹತ್ತಾರು ಹಂತ ದಾಟಿ ಕೈಗೆ ಬಂದದ್ದು ಶೇಕಡಾ 1ಕ್ಕಿಂತಲೂ ಕಡಿಮೆ.

1917ರಲ್ಲಿ ಇಂಗ್ಲೆಂಡಿನ ರಾಬರ್ಟ್ ರಾಬಿನ್ಸನ್ ಅದೇ ಅಣುವಿನ ಚಿತ್ರವನ್ನು ಮನಸ್ಸಿನಲ್ಲೇ ಕತ್ತರಿಸಿ ನೋಡಿದರು. ಸಿಕ್ಕಿದ್ದು ಮೂರೇ ತುಂಡು: ಸಕ್ಸಿನಾಲ್ಡಿಹೈಡ್, ಮೀಥೈಲಮೀನ್, ಅಸಿಟೋನ್. ಅಸಿಟೋನಿನ ಬದಲು ಅದರ ಡೈಕಾರ್ಬಾಕ್ಸಿಲಿಕ್ ಆಮ್ಲದ ಲವಣ ಹಾಕಿದಾಗ ಕೆಲಸ ಇನ್ನೂ ಸಲೀಸಾಯಿತು. ಎಲ್ಲವೂ ಒಂದೇ ಪಾತ್ರೆಯಲ್ಲಿ, ನೀರಿನಲ್ಲಿ. ಮುಖ್ಯವಾಗಿ ಕಳಚಿಹೋಗುವುದು ನೀರು, ಇಂಗಾಲದ ಡೈಆಕ್ಸೈಡ್. ಮುಂದೆ ಇತರರು ಆಮ್ಲ-ಕ್ಷಾರದ ಹದ ಹಿಡಿದ ಮೇಲೆ ಇಳುವರಿ ಶೇಕಡಾ 90ರ ಆಸುಪಾಸಿಗೆ ಏರಿತು. ಕಸ ಕಡಿಮೆ ಮಾಡುವ ಇಂಥ ದಾರಿಗೆ 'ಹಸಿರು ರಸಾಯನ' ಎಂಬ ಮಾತು ಹುಟ್ಟಲು ಆಗಿನ್ನೂ ಏಳು ದಶಕ ಬಾಕಿ ಇತ್ತು.

ಆ ಕಸ ತೂಗುವ ತಕ್ಕಡಿಯನ್ನು 1992ರಲ್ಲಿ ಕೊಟ್ಟವರು ರಸಾಯನವಿಜ್ಞಾನಿ ರೋಜರ್ ಶೆಲ್ಡನ್: ಒಂದು ಕಿಲೋ ಸರಕಿಗೆ ಎಷ್ಟು ಕಿಲೋ ಕಸ? ಔಷಧ ಉದ್ಯಮದ ಲೆಕ್ಕ 25ರಿಂದ 100 ಕಿಲೋ, ಕೆಲವೊಮ್ಮೆ ಅದಕ್ಕೂ ಮೇಲೆ. ಅದರಲ್ಲಿ ದೊಡ್ಡ ಪಾಲು ದ್ರಾವಕಗಳದ್ದು. ನಾವು ನುಂಗುವ ಮಾತ್ರೆಗಳಲ್ಲಿ ಬಹಳಷ್ಟಕ್ಕೆ ಸಾರಜನಕದ ಉಂಗುರವೇ ಬೆನ್ನೆಲುಬಾದ್ದರಿಂದ ಇದು ಸಣ್ಣ ಲೆಕ್ಕವಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಸಿಟಾಗ್ಲಿಪ್ಟಿನ್ ತಯಾರಿಕೆಯಲ್ಲಿ ರೋಡಿಯಂ ವೇಗವರ್ಧಕವನ್ನೂ ಅಧಿಕ ಒತ್ತಡದ ಹೈಡ್ರೋಜನ್ನನ್ನೂ ಬಿಟ್ಟು ಪಳಗಿಸಿದ ಕಿಣ್ವ ಬಳಸಿದಾಗ ಕಸ ಶೇಕಡಾ 19ರಷ್ಟು ಇಳಿಯಿತು. ಅದಕ್ಕೆ 2010ರಲ್ಲಿ ಅಮೆರಿಕದ ಹಸಿರು ರಸಾಯನ ಪ್ರಶಸ್ತಿಯೂ ಬಂತು.

ಈಗ ಇಂಥ ಉಂಗುರಗಳನ್ನು ಹಸಿರಾಗಿ ಕಟ್ಟಲು ನಿಂಬೆರಸ, ಮೈಕ್ರೊವೇವ್, ಒರಳಿನಂತೆ ಅರೆಯುವ ಗುಂಡುಗಿರಣಿ ಎಂದು ಪ್ರಬಂಧಗಳ ಮೇಲೆ ಪ್ರಬಂಧ. ಗುಂಡುಗಿರಣಿಯ ಬಗ್ಗೆ ನನಗೆ ಭರವಸೆಯಿದೆ. ನಿಂಬೆರಸದ ಬಗ್ಗೆ ಅಷ್ಟಿಲ್ಲ. ಹನಿ ರಸದಲ್ಲಿ ಉಂಗುರ ಕಟ್ಟಿ, ಆಮೇಲೆ ಅದನ್ನು ಶುದ್ಧಿ ಮಾಡಲು ಸಿಲಿಕಾ ಕಾಲಂ ಮೇಲೆ ಲೀಟರುಗಟ್ಟಲೆ ಹೆಕ್ಸೇನ್ ಸುರಿದರೆ ಹಸಿರು ಉಳಿಯುವುದು ಶೀರ್ಷಿಕೆಯಲ್ಲಿ ಮಾತ್ರ. ಇಂಥ ಪ್ರಬಂಧ ಕೈಗೆ ಸಿಕ್ಕರೆ ಮೊದಲು ಶುದ್ಧೀಕರಣದ ಪ್ಯಾರಾ ಓದಿ.