ದಂತಮೂಲನಾಳದ ಚಿಕಿತ್ಸೆ: ಅದರ ಸಫಲತೆಗೆ ಕಾರಣಗಳು

ಹಲ್ಲುನೋವಿನ ಬಾಧೆಯನ್ನು ಅನುಭವಿಸಿದವರಿಗೆ ಅದನ್ನು ವರ್ಣಿಸಿ ಹೇಳಬೇಕಾದ ಆವಶ್ಯಕತೆಯಿಲ್ಲ. ಹುಳುಕು ಆಳಕ್ಕಿಳಿದು ರಾತ್ರಿಯ ನಿದ್ರೆಯನ್ನು ಕೆಡಿಸುವ ಸ್ಥಿತಿಗೆ ಬಂದಾಗ ರೋಗಿಯ ಮುಂದೆ ಎರಡು ಮಾರ್ಗಗಳಿರುತ್ತವೆ. ಒಂದು, ಹಲ್ಲನ್ನು ಕೀಳಿಸಿಬಿಡುವುದು. ಇನ್ನೊಂದು, ಹಲ್ಲಿನ ಒಳಗಿರುವ ರೋಗವನ್ನು ಮಾತ್ರ ತೆಗೆದು ಹಲ್ಲನ್ನು ಉಳಿಸಿಕೊಳ್ಳುವುದು. ಈ ಎರಡನೆಯ ಮಾರ್ಗಕ್ಕೆ ದಂತಮೂಲನಾಳದ ಚಿಕಿತ್ಸೆಯೆಂದು ಹೆಸರು. ಜನರ ಮಾತಿನಲ್ಲಿ ಇದು ‘ರೂಟ್ ಕೆನಾಲ್’ ಎಂದೇ ಪ್ರಸಿದ್ಧವಾಗಿದೆ. ಈ ಚಿಕಿತ್ಸೆಯ ಬಲದಿಂದ ಹಲ್ಲನ್ನು ಹತ್ತಾರು ವರ್ಷ ಉಳಿಸಿಕೊಂಡವರುಂಟು. ಹಣವನ್ನೂ ಕಾಲವನ್ನೂ ವ್ಯಯಮಾಡಿ ಕೊನೆಗೆ ಅದೇ ಹಲ್ಲನ್ನು ಕೀಳಿಸಿಕೊಂಡವರೂ ಉಂಟು. ಒಂದೇ ಚಿಕಿತ್ಸೆಯು ಒಬ್ಬರಲ್ಲಿ ಫಲಿಸಿ ಮತ್ತೊಬ್ಬರಲ್ಲಿ ನಿಷ್ಫಲವಾಗುವುದೇಕೆ? ವೈದ್ಯನ ಕೈಗುಣವೆಂದು ಕೆಲವರೂ ರೋಗಿಯ ದುರದೃಷ್ಟವೆಂದು ಕೆಲವರೂ ಹೇಳುವುದುಂಟು. ಆದರೆ ಕಳೆದ ನೂರು ವರ್ಷಗಳ ಸಂಶೋಧನೆಯು ಈ ಪ್ರಶ್ನೆಗೆ ಇವೆರಡಕ್ಕಿಂತಲೂ ಖಚಿತವಾದ ಉತ್ತರವನ್ನು ಒದಗಿಸಿದೆ. ಅದನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

೧. ಹಲ್ಲಿನ ರಚನೆ ಮತ್ತು ರೋಗದ ಮೂಲ

ಹೊರಗಿನಿಂದ ಕಲ್ಲಿನಂತೆ ತೋರುವ ಹಲ್ಲು ಒಳಗೆ ಟೊಳ್ಳಾದುದು. ಎಲ್ಲಕ್ಕೂ ಮೇಲಿನದು ಎನಾಮಲ್ ಎಂಬ ಅತಿ ಕಠಿನವಾದ ಹೊದಿಕೆ; ಅದರ ಕೆಳಗಿರುವುದು ಡೆಂಟಿನ್ ಎಂಬ ದಂತದ್ರವ್ಯ; ಇದರ ಮಧ್ಯದಲ್ಲಿರುವ ಕುಹರದಲ್ಲಿ ರಕ್ತನಾಳಗಳಿಂದಲೂ ನರಗಳಿಂದಲೂ ಕೂಡಿದ ಮೃದುವಾದ ತಿರುಳು ಇರುತ್ತದೆ. ಈ ತಿರುಳು ಸಣ್ಣ ನಾಳಗಳ ಮೂಲಕ ಬೇರಿನ ತುದಿಯವರೆಗೂ ಇಳಿದು, ಅಲ್ಲಿಯ ಸೂಕ್ಷ್ಮರಂಧ್ರದ ಮೂಲಕ ದವಡೆಯ ರಕ್ತನಾಳ ಮತ್ತು ನರಗಳೊಡನೆ ಸೇರುತ್ತದೆ. ಹುಳುಕಿನಿಂದಾಗಲಿ ಪೆಟ್ಟಿನಿಂದಾಗಲಿ ಹೊದಿಕೆ ಒಡೆದರೆ ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಒಳಹೊಕ್ಕು ತಿರುಳನ್ನು ಕೆರಳಿಸುತ್ತವೆ. ಸುತ್ತಲೂ ಗಟ್ಟಿಯಾದ ಗೋಡೆಯಿರುವುದರಿಂದ ಊದಿಕೊಂಡ ತಿರುಳಿಗೆ ಹಿಗ್ಗಲು ಸ್ಥಳವಿಲ್ಲ. ಅಸಹ್ಯವಾದ ನೋವಿಗೆ ಇದೊಂದು ಕಾರಣ. ಕ್ರಮೇಣ ತಿರುಳು ಸತ್ತುಹೋಗುತ್ತದೆ. ಆಗ ನೋವು ತಾನಾಗಿಯೇ ನಿಲ್ಲುವುದೂ ಉಂಟು. ಆದರೆ ಇದು ಗುಣವಲ್ಲ. ರಕ್ತಸಂಚಾರವಿಲ್ಲದ ಆ ನಾಳಗಳಲ್ಲಿ ಸೂಕ್ಷ್ಮಜೀವಿಗಳು ನಿರಾತಂಕವಾಗಿ ವೃದ್ಧಿಹೊಂದುತ್ತವೆ. ಬೇರಿನ ತುದಿಯ ಸುತ್ತಲಿನ ಎಲುಬು ಸವೆಯತೊಡಗುತ್ತದೆ. ಕೀವುಗಟ್ಟಿ ಒಸಡಿನಲ್ಲಿ ಬಾವು ಕಾಣಿಸಿಕೊಳ್ಳಬಹುದು.

ಈ ವ್ಯಾಧಿಗೆ ಸೂಕ್ಷ್ಮಜೀವಿಗಳೇ ಕಾರಣವೆಂಬುದು ಇಂದು ನಿರ್ವಿವಾದವಾದರೂ ಅದು ಸುಲಭವಾಗಿ ಸಿದ್ಧಪಟ್ಟ ವಿಷಯವಲ್ಲ. ೧೯೧೦ರಲ್ಲಿ ವಿಲಿಯಂ ಹಂಟರ್ ಎಂಬ ಆಂಗ್ಲ ವೈದ್ಯನು ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಉಪನ್ಯಾಸ ಮಾಡಿ, ಕೊಳೆತ ಬೇರುಗಳ ಮೇಲೆ ಚಿನ್ನದ ತೊಡಿಗೆಗಳನ್ನು ಕೂರಿಸುವ ಪದ್ಧತಿಯನ್ನು ಕಠೋರವಾಗಿ ಖಂಡಿಸಿದನು. ದೇಹದ ಅನೇಕ ವ್ಯಾಧಿಗಳಿಗೆ ಹಲ್ಲಿನ ನಂಜೇ ಮೂಲವೆಂಬ ವಾದವು ಇದರಿಂದ ಪ್ರಬಲವಾಯಿತು. ಪರಿಣಾಮವಾಗಿ, ಮುಂದಿನ ಎರಡು ಮೂರು ದಶಕಗಳಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಉಳಿಸಬಹುದಾಗಿದ್ದ ಅಸಂಖ್ಯಾತ ಹಲ್ಲುಗಳು ಕಿತ್ತುಹಾಕಲ್ಪಟ್ಟವು. ಹಾಗೆ ಕಿತ್ತುದರಿಂದ ಸಂಧಿವಾತ ಮೊದಲಾದ ರೋಗಗಳು ನಿರೀಕ್ಷಿಸಿದಂತೆ ಗುಣವಾಗಲಿಲ್ಲವಾದ ಕಾರಣ ಆ ವಾದವು ಕಾಲಕ್ರಮದಲ್ಲಿ ಬಲಗುಂದಿತು.

೧೯೬೫ರಲ್ಲಿ ಅಮೆರಿಕದ ಕಕೆಹಾಶಿ, ಸ್ಟ್ಯಾನ್ಲಿ ಮತ್ತು ಫಿಟ್ಸ್‌ಜೆರಾಲ್ಡ್ ಎಂಬುವರು ಪ್ರಕಟಿಸಿದ ಪ್ರಯೋಗವು ವಿಷಯವನ್ನು ಸ್ಪಷ್ಟಪಡಿಸಿತು. ಸೂಕ್ಷ್ಮಜೀವಿಗಳ ಸೋಂಕೇ ಇಲ್ಲದಂತೆ ಸಾಕಿದ ಇಲಿಗಳ ಹಲ್ಲನ್ನು ಕೊರೆದು ತಿರುಳನ್ನು ತೆರೆದಿಟ್ಟಾಗ, ಆಹಾರದ ಕಸವು ಒಳಗೆ ಸೇರಿದರೂ ತಿರುಳು ಸಾಯದೆ ತನ್ನ ಗಾಯವನ್ನು ತಾನೇ ಮುಚ್ಚಿಕೊಂಡಿತು. ಸಾಮಾನ್ಯವಾಗಿ ಬೆಳೆದ ಇಲಿಗಳಲ್ಲಾದರೋ ಅದೇ ಗಾಯದಿಂದ ತಿರುಳು ಸತ್ತು ಕೀವಾಯಿತು. ಸ್ವೀಡನ್ ದೇಶದ ಸುಂಡ್‌ಕ್ವಿಸ್ಟ್ ಎಂಬಾತನು ೧೯೭೬ರಲ್ಲಿ, ಪೆಟ್ಟುಬಿದ್ದು ತಿರುಳು ಸತ್ತಿದ್ದರೂ ಹೊರಗೆ ಹುಳುಕಿಲ್ಲದ ಮನುಷ್ಯರ ಹಲ್ಲುಗಳನ್ನು ಪರೀಕ್ಷಿಸಿದನು. ಎಲುಬು ಸವೆದಿದ್ದ ಹಲ್ಲುಗಳ ನಾಳಗಳಲ್ಲಿ ಸೂಕ್ಷ್ಮಜೀವಿಗಳು ದೊರೆತವು; ಎಲುಬು ಸವೆಯದಿದ್ದವುಗಳಲ್ಲಿ ದೊರೆಯಲಿಲ್ಲ. ಆದುದರಿಂದ ಸತ್ತ ತಿರುಳು ತಾನಾಗಿಯೇ ರೋಗವನ್ನುಂಟುಮಾಡುವುದಿಲ್ಲ. ಅದರಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳೇ ಉಂಟುಮಾಡುತ್ತವೆ. ಚಿಕಿತ್ಸೆಯ ಜಯಾಪಜಯಗಳನ್ನು ನಿರ್ಣಯಿಸುವ ಎಲ್ಲ ಕಾರಣಗಳೂ ಈ ಒಂದು ತತ್ತ್ವವನ್ನೇ ಆಶ್ರಯಿಸಿವೆ. ನಾಳದಿಂದ ಅವುಗಳನ್ನು ಎಷ್ಟರಮಟ್ಟಿಗೆ ಹೊರಹಾಕಲಾಯಿತು, ಪುನಃ ಒಳಬರದಂತೆ ಎಷ್ಟು ಭದ್ರವಾಗಿ ಮುಚ್ಚಲಾಯಿತು ಎಂಬುದೇ ಇಲ್ಲಿಯ ಸಾರ.

೨. ಸಫಲತೆಯೆಂದರೇನು?

ಕಾರಣಗಳನ್ನು ವಿಚಾರಿಸುವುದಕ್ಕೆ ಮೊದಲು ಸಫಲತೆಯ ಅರ್ಥವನ್ನು ಗೊತ್ತುಮಾಡಿಕೊಳ್ಳಬೇಕು. ರೋಗಿಯ ದೃಷ್ಟಿಯಲ್ಲಿ ನೋವು ನಿಂತರೆ ಚಿಕಿತ್ಸೆ ಸಫಲವಾದಂತೆಯೇ. ಆದರೆ ಬೇರಿನ ತುದಿಯ ರೋಗವು ವರ್ಷಗಟ್ಟಲೆ ಸ್ವಲ್ಪವೂ ನೋಯದೆ ಇರಬಲ್ಲುದೆಂಬುದನ್ನು ಮೇಲೆಯೇ ಸೂಚಿಸಿದೆ. ೧೯೫೬ರಲ್ಲಿ ಸ್ವೀಡನ್ನಿನ ಸ್ಟ್ರಿಂಡ್‌ಬರ್ಗ್ ಎಂಬ ವಿದ್ವಾಂಸನು ಕಟ್ಟುನಿಟ್ಟಾದ ಒಂದು ಅಳತೆಯನ್ನು ಸೂಚಿಸಿದನು. ಅದರ ಪ್ರಕಾರ ರೋಗಲಕ್ಷಣಗಳು ಇರದಿದ್ದರೆ ಸಾಲದು. ಕ್ಷ-ಕಿರಣ ಚಿತ್ರದಲ್ಲಿ ಬೇರಿನ ಸುತ್ತಲಿನ ಎಲುಬು ಸಹಜಸ್ಥಿತಿಗೆ ಬಂದಿರಬೇಕು. ಎಲುಬು ಮತ್ತೆ ತುಂಬಿಕೊಳ್ಳಲು ತಿಂಗಳುಗಳಲ್ಲ, ಕೆಲವೊಮ್ಮೆ ಮೂರು ನಾಲ್ಕು ವರ್ಷಗಳೇ ಬೇಕಾಗುತ್ತವೆ. ಇದಲ್ಲದೆ ರೋಗ ವಾಸಿಯಾಗುವುದು ಬೇರೆ, ಹಲ್ಲು ಬಾಯಲ್ಲಿ ಉಳಿದು ಕೆಲಸಮಾಡುವುದು ಬೇರೆ. ಎರಡನೆಯದನ್ನು ಮಾತ್ರ ಎಣಿಸಿದರೆ ಸಫಲತೆಯ ಪ್ರಮಾಣವು ಸಹಜವಾಗಿಯೇ ಹೆಚ್ಚಾಗಿ ತೋರುವುದು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೦೭ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಂತೆ, ಕಟ್ಟುನಿಟ್ಟಾದ ಅಳತೆಯಿಂದ ನೋಡಿದರೂ ನೂರಕ್ಕೆ ೬೮ರಿಂದ ೮೫ರಷ್ಟು ಚಿಕಿತ್ಸೆಗಳು ಫಲಿಸಿವೆ.

೩. ಚಿಕಿತ್ಸೆಗೆ ಮೊದಲಿನ ಸ್ಥಿತಿ

ಫಲವನ್ನು ನಿರ್ಣಯಿಸುವ ಅತಿಮುಖ್ಯವಾದ ಕಾರಣವೊಂದು ವೈದ್ಯನು ಕೈಯಿಡುವುದಕ್ಕೆ ಮೊದಲೇ ಹಲ್ಲಿನಲ್ಲಿ ಇರುತ್ತದೆ. ಬೇರಿನ ತುದಿಯ ಎಲುಬು ಆಗಲೇ ಸವೆದಿದೆಯೇ ಇಲ್ಲವೇ ಎಂಬುದೇ ಅದು. ಸ್ವೀಡನ್ನಿನ ಉಮಿಯೊ ನಗರದಲ್ಲಿ ಸೋಗ್ರೆನ್ ಮತ್ತು ಅವನ ಸಹಕಾರಿಗಳು ೩೫೬ ಮಂದಿ ರೋಗಿಗಳನ್ನು ಚಿಕಿತ್ಸೆಯ ನಂತರ ಎಂಟರಿಂದ ಹತ್ತು ವರ್ಷಗಳ ತರುವಾಯ ಪರೀಕ್ಷಿಸಿ, ೧೯೯೦ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಎಲುಬಿನಲ್ಲಿ ರೋಗವಿಲ್ಲದಿದ್ದ ಹಲ್ಲುಗಳಲ್ಲಿ ನೂರಕ್ಕೆ ೯೬ಕ್ಕೂ ಹೆಚ್ಚು ಸಫಲವಾಗಿದ್ದವು. ತಿರುಳು ಸತ್ತು ಎಲುಬೂ ಸವೆದಿದ್ದವುಗಳಲ್ಲಿ ಈ ಪ್ರಮಾಣ ೮೬ಕ್ಕೆ ಇಳಿಯಿತು. ಒಮ್ಮೆ ಚಿಕಿತ್ಸೆ ಪಡೆದು ಕೆಟ್ಟು, ಎಲುಬಿನ ರೋಗದೊಡನೆ ಮತ್ತೆ ಚಿಕಿತ್ಸೆಗೆ ಬಂದವುಗಳಲ್ಲಾದರೋ ಅದು ೬೨ ಮಾತ್ರ.

ಈ ಅಂಕಿಗಳಿಂದ ಎರಡು ಸಂಗತಿಗಳು ಹೊರಪಡುತ್ತವೆ. ತಡಮಾಡಿದಷ್ಟೂ ಗುಣದ ಸಂಭವ ಕುಗ್ಗುತ್ತದೆ. ಮೊದಲನೆಯ ಚಿಕಿತ್ಸೆಯೇ ಅತ್ಯುತ್ತಮವಾದ ಅವಕಾಶ. ರೋಗಿಯ ವಯಸ್ಸು ಮತ್ತು ಸ್ತ್ರೀಪುರುಷಭೇದಗಳಿಗೆ ಜನರು ಊಹಿಸುವಷ್ಟು ಪ್ರಾಮುಖ್ಯವಿಲ್ಲ. ಎಪ್ಪತ್ತರ ವೃದ್ಧನಿಗೂ ಈ ಚಿಕಿತ್ಸೆ ಫಲಿಸಬಲ್ಲುದು.

೪. ಚಿಕಿತ್ಸೆಯ ಕಾಲದಲ್ಲಿ

ವೈದ್ಯನ ಮುಂದಿರುವ ಮೊದಲನೆಯ ಕಷ್ಟ ನಾಳಗಳ ಸ್ವರೂಪ. ಸ್ವಿಟ್ಜರ್ಲೆಂಡಿನ ವಾಲ್ಟರ್ ಹೆಸ್ ಎಂಬಾತನು ಸಾವಿರಾರು ಹಲ್ಲುಗಳ ನಾಳಗಳಲ್ಲಿ ರಬ್ಬರನ್ನು ತುಂಬಿ, ಸುತ್ತಲಿನ ದಂತದ್ರವ್ಯವನ್ನು ಕರಗಿಸಿ ಅಚ್ಚುಗಳನ್ನು ತೆಗೆದನು. ಈ ಶೋಧನೆಯು ೧೯೨೫ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದಾಗ, ನಾಳವೆಂದರೆ ಒಂದು ನೇರವಾದ ಕೊಳವೆಯಲ್ಲ, ಕವಲೊಡೆದು ಮತ್ತೆ ಕೂಡಿಕೊಳ್ಳುವ ಒಂದು ಜಾಲವೆಂಬುದು ವ್ಯಕ್ತವಾಯಿತು. ಮೇಲಿನ ಮೊದಲನೆಯ ದವಡೆಹಲ್ಲಿನಲ್ಲಿ ಮೂರು ನಾಳಗಳಿವೆಯೆಂದು ಹಿಂದೆ ಎಣಿಸುತ್ತಿದ್ದರು. ಬಹುಪಾಲು ಹಲ್ಲುಗಳಲ್ಲಿ ನಾಲ್ಕನೆಯದೊಂದು ಅಡಗಿರುವುದೆಂದು ಈಗ ತಿಳಿದಿದೆ. ಕಾಣದೆ ಬಿಟ್ಟ ಒಂದು ನಾಳವು ಉಳಿದವುಗಳ ಮೇಲೆ ಪಟ್ಟ ಶ್ರಮವನ್ನೆಲ್ಲ ವ್ಯರ್ಥಮಾಡಬಲ್ಲುದು. ಇಂದು ವೈದ್ಯರು ಸೂಕ್ಷ್ಮದರ್ಶಕವನ್ನು ಬಳಸುವುದಕ್ಕೆ ಇದೊಂದು ಕಾರಣ.

ಎರಡನೆಯದು ಶುದ್ಧಿ. ನಾಳವನ್ನು ಸಣ್ಣ ಅರಗಳಿಂದ ಉಜ್ಜಿ ಅಗಲಮಾಡುತ್ತಾರೆ. ಆದರೆ ಎಷ್ಟು ನಯವಾದ ಅರವಾದರೂ ನಾಳದ ಗೋಡೆಯನ್ನೆಲ್ಲ ಮುಟ್ಟಲಾರದು. ನೂರಕ್ಕೆ ೩೫ರಷ್ಟು ಅಥವಾ ಅದಕ್ಕೂ ಹೆಚ್ಚು ಭಾಗವು ಮುಟ್ಟದೆಯೇ ಉಳಿಯುವುದೆಂದು ೨೦೦೧ರಲ್ಲಿ ತೋರಿಸಲಾಯಿತು. ಹೀಗೆ ಉಳಿದ ಮೂಲೆಗಳನ್ನು ತಲಪತಕ್ಕುದು ದ್ರವವೊಂದೇ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಗಾಯಗಳನ್ನು ತೊಳೆಯಲು ಡೇಕಿನ್ ಎಂಬಾತನು ಬಳಕೆಗೆ ತಂದ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವೇ ಈ ಕಾರ್ಯಕ್ಕೆ ಇಂದಿಗೂ ಮುಖ್ಯವಾಗಿದೆ. ಅದು ಸೂಕ್ಷ್ಮಜೀವಿಗಳನ್ನು ಕೊಲ್ಲುವುದಲ್ಲದೆ ಸತ್ತ ತಿರುಳಿನ ಚೂರುಗಳನ್ನೂ ಕರಗಿಸುತ್ತದೆ. ಇಷ್ಟೆಲ್ಲ ಮಾಡುವಾಗ ಎಂಜಲು ಒಳಗೆ ಸೋರಿದರೆ ಒಂದು ಕಡೆಯಿಂದ ತೊಳೆದು ಇನ್ನೊಂದು ಕಡೆಯಿಂದ ಕೊಳೆಯನ್ನು ತುಂಬಿದಂತಾಯಿತು. ಅದನ್ನು ತಡೆಯಲೆಂದು ಹಲ್ಲಿನ ಸುತ್ತ ತೆಳುವಾದ ರಬ್ಬರಿನ ಹಾಳೆಯನ್ನು ಬಿಗಿಯುವ ಉಪಾಯವನ್ನು ಅಮೆರಿಕದ ಬಾರ್ನಮ್ ೧೮೬೪ರಲ್ಲಿಯೇ ಕಂಡುಹಿಡಿದನು. ಬೆಲೆಬಾಳುವ ಯಂತ್ರಗಳಿಗಿಂತ ಈ ಸರಳವಾದ ಹಾಳೆಯ ಉಪಕಾರ ಕಡಮೆಯಾದುದಲ್ಲ.

ಈ ಶುದ್ಧಿಯ ಬೆಲೆಯನ್ನು ಉಮಿಯೊ ನಗರದ ಸಂಶೋಧಕರೇ ೧೯೯೭ರಲ್ಲಿ ಅಳೆದು ತೋರಿಸಿದರು. ಎಲುಬಿನ ರೋಗವಿದ್ದ ೫೫ ಹಲ್ಲುಗಳ ನಾಳಗಳನ್ನು ಶುದ್ಧಿಮಾಡಿ, ತುಂಬುವುದಕ್ಕೆ ಸ್ವಲ್ಪ ಮುಂಚೆ ಒಳಗೆ ಸೂಕ್ಷ್ಮಜೀವಿಗಳು ಉಳಿದಿವೆಯೇ ಎಂದು ಪರೀಕ್ಷಿಸಿದರು. ಉಳಿದಿರದ ಹಲ್ಲುಗಳಲ್ಲಿ ನೂರಕ್ಕೆ ೯೪ ಗುಣವಾದವು. ಉಳಿದಿದ್ದವುಗಳಲ್ಲಿ ೬೮ ಮಾತ್ರ.

ಮೂರನೆಯದು ನಾಳವನ್ನು ತುಂಬುವ ಆಳ. ಶುದ್ಧವಾದ ನಾಳವನ್ನು ಗಟ್ಟಾಪರ್ಚವೆಂಬ ಮರದ ಅಂಟಿನಿಂದಲೂ ಒಂದು ಬಗೆಯ ಗಾರೆಯಿಂದಲೂ ಸಂದಿಲ್ಲದಂತೆ ತುಂಬುತ್ತಾರೆ. ಮೇಲೆ ಹೇಳಿದ ೧೯೯೦ರ ಅಧ್ಯಯನದಲ್ಲಿ, ಎಲುಬಿನ ರೋಗವಿದ್ದು ಮೊದಲ ಬಾರಿ ಚಿಕಿತ್ಸೆ ಪಡೆದ ಬೇರುಗಳ ಪೈಕಿ, ತುದಿಯಿಂದ ಎರಡು ಮಿಲಿಮೀಟರಿನೊಳಗೆ ತುಂಬಿದ್ದವು ನೂರಕ್ಕೆ ೯೪ ಗುಣವಾದವು. ತುದಿಯನ್ನು ದಾಟಿ ಎಲುಬಿನೊಳಕ್ಕೆ ತಳ್ಳಲ್ಪಟ್ಟವುಗಳಲ್ಲಿ ೭೬, ತೀರ ಮೇಲೆಯೇ ನಿಂತವುಗಳಲ್ಲಿ ೬೮ ಮಾತ್ರ ಗುಣವಾದವು. ಗೆಲವಿಗೂ ಸೋಲಿಗೂ ನಡುವಣ ಅಂತರ ಇಲ್ಲಿ ಅಕ್ಕಿಯ ಕಾಳಿನಷ್ಟೂ ಇಲ್ಲ. ಆದಕಾರಣವೇ ಕ್ಷ-ಕಿರಣ ಚಿತ್ರವನ್ನೂ ವಿದ್ಯುತ್ತಿನಿಂದ ಉದ್ದವನ್ನಳೆಯುವ ಉಪಕರಣವನ್ನೂ ಕೂಡಿಸಿ ಬಳಸುತ್ತಾರೆ. ಚಿಕಿತ್ಸೆಯನ್ನು ಒಂದೇ ದಿನದಲ್ಲಿ ಮುಗಿಸಬೇಕೋ ಎರಡು ಮೂರು ಸಲ ಬರಮಾಡಿಕೊಳ್ಳಬೇಕೋ ಎಂಬ ಚರ್ಚೆ ಬಹುಕಾಲ ನಡೆದರೂ, ಅಂತಿಮವಾದ ಗುಣದಲ್ಲಿ ಇವೆರಡಕ್ಕೂ ಗಣ್ಯವಾದ ಭೇದ ಕಂಡುಬಂದಿಲ್ಲ.

೫. ಚಿಕಿತ್ಸೆಯ ನಂತರ

ಸಾಮಾನ್ಯವಾಗಿ ಜನರು ಉಪೇಕ್ಷಿಸುವ ಭಾಗ ಇದೇ. ನಾಳವನ್ನು ತುಂಬಿದೊಡನೆ ಚಿಕಿತ್ಸೆ ಮುಗಿಯಿತೆಂದು ಭಾವಿಸಿ, ತಾತ್ಕಾಲಿಕವಾದ ಮುಚ್ಚಳದೊಡನೆಯೇ ತಿಂಗಳುಗಳನ್ನು ಕಳೆಯುವವರುಂಟು. ಆ ಮುಚ್ಚಳ ಸವೆದು ಎಂಜಲು ಕೆಳಗಿಳಿದರೆ ಸೂಕ್ಷ್ಮಜೀವಿಗಳು ಬಂದ ದಾರಿಯಲ್ಲಿಯೇ ಮತ್ತೆ ಬರುತ್ತವೆ. ರೇ ಮತ್ತು ಟ್ರೋಪ್ ಎಂಬುವರು ೧೯೯೫ರಲ್ಲಿ, ಚಿಕಿತ್ಸೆಗೊಂಡಿದ್ದ ೧,೦೧೦ ಹಲ್ಲುಗಳ ಕ್ಷ-ಕಿರಣ ಚಿತ್ರಗಳನ್ನು ಪರಿಶೀಲಿಸಿದರು. ನಾಳದ ತುಂಬುವಿಕೆಯೂ ಮೇಲಿನ ಕಟ್ಟಡವೂ ಚೆನ್ನಾಗಿದ್ದ ಹಲ್ಲುಗಳಲ್ಲಿ ನೂರಕ್ಕೆ ೯೧ರಷ್ಟು ನಿರೋಗವಾಗಿದ್ದವು. ಎರಡೂ ಕೆಟ್ಟಿದ್ದವುಗಳಲ್ಲಿ ೧೮ ಮಾತ್ರ. ತುಂಬುವಿಕೆ ಉತ್ತಮವಾಗಿದ್ದು ಮೇಲಿನ ಕಟ್ಟಡ ಕೆಟ್ಟಿದ್ದವುಗಳಲ್ಲಿ ಈ ಪ್ರಮಾಣ ೪೪ಕ್ಕೆ ಇಳಿದಿದ್ದಿತು. ಇದರಿಂದ ಮೇಲಿನ ಮುಚ್ಚಳವೇ ಸರ್ವಸ್ವವೆಂದು ಕೆಲವರು ಭಾವಿಸಿದರಾದರೂ, ಅನೇಕ ಅಧ್ಯಯನಗಳನ್ನು ಸೇರಿಸಿ ೨೦೧೧ರಲ್ಲಿ ಮಾಡಿದ ವಿಮರ್ಶೆಯು ಎರಡೂ ಸಮಾನವಾಗಿ ಮುಖ್ಯವೆಂದು ನಿರ್ಣಯಿಸಿತು.

ಸೋರಿಕೆಯಲ್ಲದೆ ಮುರಿತವೂ ಒಂದು ಅಪಾಯ. ಹುಳುಕಿನಿಂದಲೂ ಕೊರೆತದಿಂದಲೂ ಹಲ್ಲಿನ ಗೋಡೆಗಳು ತೆಳ್ಳಗಾಗಿರುತ್ತವೆ. ದವಡೆಹಲ್ಲುಗಳು ಅಗಿಯುವ ಭಾರವನ್ನು ತಾಳಲಾರದೆ ಸೀಳಬಹುದು. ಅಂತಹ ಹಲ್ಲಿಗೆ ಜನರು ಕ್ಯಾಪ್ ಎಂದು ಕರೆಯುವ ಪೂರ್ಣವಾದ ತೊಡಿಗೆ ಅವಶ್ಯಕ. ಅಮೆರಿಕದಲ್ಲಿ ಹದಿನಾಲ್ಕು ಲಕ್ಷಕ್ಕೂ ಮೀರಿದ ಹಲ್ಲುಗಳ ದಾಖಲೆಗಳನ್ನು ನೋಡಿ ೨೦೦೪ರಲ್ಲಿ ಪ್ರಕಟಿಸಿದ ವರದಿಯಂತೆ, ಎಂಟು ವರ್ಷಗಳ ನಂತರವೂ ನೂರಕ್ಕೆ ೯೭ ಹಲ್ಲುಗಳು ಬಾಯಲ್ಲಿಯೇ ಉಳಿದಿದ್ದವು. ಕಿತ್ತುಹಾಕಲ್ಪಟ್ಟವುಗಳಲ್ಲಿ ನೂರಕ್ಕೆ ೮೫ಕ್ಕೆ ಪೂರ್ಣವಾದ ತೊಡಿಗೆ ಇದ್ದಿರಲಿಲ್ಲ. ಗಟ್ಟಿಯಾದ ಹಲ್ಲುಗಳಿಗೇ ತೊಡಿಗೆ ಹಾಕಿಸುವ ರೂಢಿಯೂ ಇರಬಹುದಾದುದರಿಂದ ಈ ಅಂಕಿಯೊಂದರಿಂದಲೇ ಕಾರಣವನ್ನು ನಿಶ್ಚಯಿಸಲಾಗದು. ಆದರೂ ಅದು ಕೊಡುವ ಎಚ್ಚರಿಕೆಯನ್ನು ಕಡೆಗಣಿಸುವಂತಿಲ್ಲ.

೬. ಉಪಸಂಹಾರ

ಹಲ್ಲನ್ನು ಎಲ್ಲ ಸಂದರ್ಭಗಳಲ್ಲಿಯೂ ಉಳಿಸಲೇಬೇಕೆಂದು ಇದರ ಅರ್ಥವಲ್ಲ. ಬೇರು ಉದ್ದಕ್ಕೂ ಸೀಳಿದ್ದರೆ, ಮೇಲೆ ಕಟ್ಟಲು ಆಧಾರವೇ ಉಳಿಯದಷ್ಟು ಹುಳುಕು ತಿಂದಿದ್ದರೆ, ಅಥವಾ ಒಸಡಿನ ರೋಗದಿಂದ ಹಲ್ಲು ಸಡಿಲವಾಗಿದ್ದರೆ ಕೀಳುವುದೇ ಯುಕ್ತ. ಉಳಿದ ಸಂದರ್ಭಗಳಲ್ಲಿ ಸೋತ ಚಿಕಿತ್ಸೆಯನ್ನು ಪುನಃ ಮಾಡಬಹುದು. ಬೇರಿನ ತುದಿಯನ್ನು ಶಸ್ತ್ರಕ್ರಿಯೆಯಿಂದ ತೆಗೆಯಲೂಬಹುದು.

ಲಂಡನ್ನಿನಲ್ಲಿ ನಡೆದು ೨೦೦೮ ಮತ್ತು ೨೦೧೧ರಲ್ಲಿ ಪ್ರಕಟವಾದ ವಿಚಾರಣೆಗಳು ಮುಖ್ಯಕಾರಣಗಳಲ್ಲಿ ಎಣಿಸಿದ ನಾಲ್ಕನ್ನೂ ನಾವು ಮೇಲೆ ನೋಡಿದ್ದೇವೆ: ಮೊದಲೇ ಎಲುಬಿನ ರೋಗ ಇರದಿರುವುದು, ತುಂಬುವಿಕೆ ಸಂದಿಲ್ಲದಿರುವುದು, ಅದು ಬೇರಿನ ತುದಿಯ ಸಮೀಪದವರೆಗೆ ಹೋಗಿರುವುದು, ಮೇಲಿನ ಕಟ್ಟಡ ಭದ್ರವಾಗಿರುವುದು. ಇವುಗಳಲ್ಲಿ ನಡುವಿನ ಎರಡು ಮಾತ್ರ ಸಂಪೂರ್ಣವಾಗಿ ವೈದ್ಯನಿಗೆ ಸೇರಿದವು. ಮೊದಲನೆಯದು ರೋಗಿಯು ಎಷ್ಟು ಬೇಗ ಬಂದನೆಂಬುದನ್ನೂ ಕೊನೆಯದು ನೋವು ನಿಂತ ಮೇಲೆಯೂ ಆತನು ಬಂದನೇ ಎಂಬುದನ್ನೂ ಬಹುಮಟ್ಟಿಗೆ ಅವಲಂಬಿಸಿವೆ. ಕೈಗುಣವೆಂದು ನಾವು ಹೇಳುವುದರಲ್ಲಿ ಅರ್ಧಪಾಲು ವೈದ್ಯನದಾದರೆ ಇನ್ನರ್ಧ ರೋಗಿಯದೇ ಆಗಿದೆ. ನೋವು ನಿಂತ ದಿನವನ್ನು ಚಿಕಿತ್ಸೆಯ ಮುಕ್ತಾಯವೆಂದು ಎಣಿಸದೆ, ಹಲ್ಲಿನ ಮೇಲೆ ಭದ್ರವಾದ ಕಟ್ಟಡ ನಿಂತು, ವರ್ಷಾನಂತರದ ಕ್ಷ-ಕಿರಣ ಚಿತ್ರದಲ್ಲಿ ಎಲುಬು ತುಂಬಿಬರುತ್ತಿರುವುದು ಕಾಣುವವರೆಗೂ ತಾಳ್ಮೆಯಿಂದ ಅನುಸರಿಸುವವನಿಗೆ ಹಲ್ಲು ದೀರ್ಘಕಾಲ ಸೇವೆಸಲ್ಲಿಸುವ ಸಂಭವ ಬಹಳ ಹೆಚ್ಚು.