ಎಸಿ ತಣ್ಣಗಿಲ್ಲ ಅಂದ್ರೆ ಮೊದಲು ಗ್ಲೋವ್ ಬಾಕ್ಸ್ ಬಿಚ್ಚಿ

ಹತ್ತು-ಹನ್ನೆರಡು ವರ್ಷದ ಕಾರಿನ ಎಸಿ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ಗ್ಯಾಸ್ ಕಮ್ಮಿಯಾಗಿರ್ಬೇಕು, ತುಂಬಿಸ್ಕೊಂಡ್ ಬನ್ನಿ." ಸ್ಕೂಟರ್‌ಗೆ ಪೆಟ್ರೋಲ್ ಹಾಕಿಸಿದ ಹಾಗೆ! ಆದರೆ ಎಸಿಯ ಗ್ಯಾಸು ಉರಿದು ಖಾಲಿಯಾಗುವ ಪದಾರ್ಥವಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸು ಸುತ್ತುತ್ತಾ ಇರುತ್ತದೆ. ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸೋರುವ ಜಾಗ ಹುಡುಕದೆ ತುಂಬಿಸಿದರೆ ಮತ್ತೆ ಸೋರುತ್ತದೆ.

ಹಾಗಾಗಿ ಗ್ಯಾರೇಜಿಗೆ ಹೋಗುವ ಮುಂಚೆ ಎರಡು ನಿಮಿಷದ ಪರೀಕ್ಷೆ ಮಾಡಿ. ಎಸಿ ಹಾಕಿ, ಫ್ಯಾನನ್ನು ಕೊನೆಯ ನಂಬರಿಗೆ ಇಟ್ಟು, ಗಾಳಿ ಬರುವ ಕಿಂಡಿಯ ಮುಂದೆ ಕೈ ಹಿಡಿಯಿರಿ. ಗಾಳಿ ಜೋರಾಗಿದೆ, ಆದರೆ ತಂಪಿಲ್ಲ: ಆಗ ಗ್ಯಾಸು, ಕಂಪ್ರೆಸರ್ ಕಡೆ ಅನುಮಾನ ಪಡಿ. ಗಾಳಿ ತಣ್ಣಗಿದೆ, ಆದರೆ ಫ್ಯಾನು ಎಷ್ಟು ಸದ್ದು ಮಾಡಿದರೂ ಬರೋದು ಮಾತ್ರ ಊದಿದಷ್ಟೇ: ಆಗ ದಾರಿಯಲ್ಲಿ ಏನೋ ಅಡ್ಡ ಕೂತಿದೆ. ಹಳೇ ಕಾರಿನಲ್ಲಿ ಆ ಅಡ್ಡ ಕೂತಿರುವುದು ಸಾಮಾನ್ಯವಾಗಿ ಕ್ಯಾಬಿನ್ ಫಿಲ್ಟರ್. ಗ್ಯಾರೇಜಿನವರು ಇದನ್ನ ಎಸಿ ಫಿಲ್ಟರ್ ಅಂತಾರೆ. 'ಏರ್ ಫಿಲ್ಟರ್ ಚೇಂಜ್' ಅಂತ ಬಿಲ್ಲಿನಲ್ಲಿ ಇದ್ದರೆ ಅದು ಬಹುತೇಕ ಎಂಜಿನ್ನಿನದ್ದು, ಇದಲ್ಲ.

ಮುಂದಿನ ಗಾಜಿನ ಬುಡದಲ್ಲಿ, ವೈಪರ್‌ಗಳ ಕೆಳಗೆ, ಜಾಲರಿಯಂಥ ಕಿಂಡಿ ಇರುತ್ತದಲ್ಲ, ಹೊರಗಿನ ಗಾಳಿ ಒಳಕ್ಕೆ ಬರೋದು ಅಲ್ಲಿಂದ. ಫಿಲ್ಟರ್ ದಾಟಿದ ಗಾಳಿ ಇವಾಪರೇಟರ್ ಎಂಬ ತಣ್ಣನೆಯ ಜಾಲದ ಮೂಲಕ ಹಾದು ನಮ್ಮ ಮುಖಕ್ಕೆ ಬರುತ್ತದೆ. ಫಿಲ್ಟರ್ ಕಟ್ಟಿಕೊಂಡು ಗಾಳಿಯ ಹರಿವು ಕಡಿಮೆಯಾದರೆ ಇವಾಪರೇಟರಿಗೆ ಸಾಕಷ್ಟು ಶಾಖ ಸಿಗುವುದಿಲ್ಲ. ಅದು ಅತಿಯಾಗಿ ತಣ್ಣಗಾಗಿ, ಮೇಲೆ ಕೂತ ತೇವ ಮಂಜುಗಡ್ಡೆಯಾಗಿ, ಉಳಿದಿದ್ದ ದಾರಿಯನ್ನೂ ಮುಚ್ಚಬಹುದು. ಇದನ್ನು ತಡೆಯಲು ಅಲ್ಲೊಂದು ಸೆನ್ಸರ್ ಇದ್ದು ಕಂಪ್ರೆಸರನ್ನು ಆಗಾಗ ನಿಲ್ಲಿಸುತ್ತದೆ. ಊರು ಬಿಡುವಾಗ ಚೆನ್ನಾಗಿದ್ದ ಎಸಿ ತುಮಕೂರು ದಾಟುವಷ್ಟರಲ್ಲಿ ಸೊರಗಿ, ಚಹಾಕ್ಕೆ ನಿಲ್ಲಿಸಿ ಹೊರಟ ಮೇಲೆ ಮತ್ತೆ ಸರಿಹೋಯ್ತು ಅನ್ನುವವರಿದ್ದಾರೆ. ಅಷ್ಟು ಹೊತ್ತಿನಲ್ಲಿ ಕರಗಿದ್ದು ಆ ಮಂಜುಗಡ್ಡೆ ಇರಬಹುದು.

ಇನ್ನು ನಮಗೆ ಇಷ್ಟವಾದ ಭಾಗ. ಫಿಲ್ಟರ್ ಅಂದರೆ ಹಿಟ್ಟಿನ ಜರಡಿ ಅಂತ ನಾವೆಲ್ಲ ಅಂದುಕೊಂಡಿರ್ತೀವಿ: ತೂತಿಗಿಂತ ದೊಡ್ಡದು ನಿಲ್ಲುತ್ತೆ, ಚಿಕ್ಕದು ಹೋಗುತ್ತೆ. ಹಾಗಲ್ಲ. ಅದು ಸಿಂಥೆಟಿಕ್ ಎಳೆಗಳ ದಟ್ಟ ಪೊದೆ, ಎಳೆಗಳ ನಡುವಿನ ಜಾಗ ಧೂಳಿಗಿಂತ ಎಷ್ಟೋ ದೊಡ್ಡದು. ಒಂದು ಮೈಕ್ರಾನ್‌ಗಿಂತ ದೊಡ್ಡ ಕಣಗಳು ಗಾಳಿಯ ಜೊತೆ ತಿರುವು ತೆಗೆದುಕೊಳ್ಳಲಾಗದೆ ಎಳೆಗೆ ನೇರ ಹೋಗಿ ಬಡಿಯುತ್ತವೆ, ಸ್ಪೀಡಲ್ಲಿ ಬಂದ ಲಾರಿ ತಿರುವಿನಲ್ಲಿ ಗದ್ದೆಗೆ ಇಳಿದ ಹಾಗೆ. 0.1 ಮೈಕ್ರಾನ್‌ಗಿಂತ ಚಿಕ್ಕವು ಗಾಳಿಯ ಅಣುಗಳ ಏಟಿಗೆ ಅಡ್ಡಾದಿಡ್ಡಿ ಅಲೆದು ಎಲ್ಲೋ ಒಂದು ಎಳೆಗೆ ಅಂಟಿಕೊಳ್ಳುತ್ತವೆ. ಕಷ್ಟ ಇರೋದು ನಡುವಿನವುಗಳದ್ದು, ಸುಮಾರು 0.3 ಮೈಕ್ರಾನ್ ಆಸುಪಾಸು. ಇವು ಬಡಿಯುವಷ್ಟು ಭಾರವೂ ಅಲ್ಲ, ಅಲೆಯುವಷ್ಟು ಹಗುರವೂ ಅಲ್ಲ. ಇವನ್ನು ಹಿಡಿಯಲೆಂದೇ ಅನೇಕ ಫಿಲ್ಟರ್‌ಗಳ ಎಳೆಗಳಿಗೆ ತಯಾರಿಕೆಯಲ್ಲೇ ಸ್ಥಾಯಿ ವಿದ್ಯುತ್ ಆವೇಶ ಕೊಟ್ಟಿರುತ್ತಾರೆ. ಬಾಚಣಿಗೆ ತಲೆಗೆ ಉಜ್ಜಿ ಕಾಗದದ ಚೂರು ಎತ್ತುತ್ತಿದ್ದೆವಲ್ಲ, ಅದೇ ಕತೆ.

ಇಷ್ಟು ತಿಳಿದ ಮೇಲೆ ಸರ್ವಿಸ್ ಸೆಂಟರುಗಳಲ್ಲಿ ಫಿಲ್ಟರ್ ತೆಗೆದು ಏರ್ ಹೊಡೆದು ಮತ್ತೆ ಅದನ್ನೇ ಹಾಕುವುದನ್ನು ನೋಡಿದರೆ ನಮಗೆ ಸಮಾಧಾನ ಆಗಲ್ಲ. ಹಾರಿ ಹೋಗುವುದು ಮೇಲಿನ ದಪ್ಪ ಧೂಳು ಮತ್ತು ಒಣ ಎಲೆ. ಎಳೆಗಳ ಒಳಗೆ ಅಂಟಿದ ಸಣ್ಣ ಕಣ ಅಲ್ಲೇ ಉಳಿಯುತ್ತದೆ, ಜೋರು ಒತ್ತಡಕ್ಕೆ ಎಳೆ ಹರಿದರೂ ಹರಿಯಿತು. ಸೋಪು ನೀರಲ್ಲಿ ತೊಳೆದರಂತೂ ಆ ಆವೇಶವೇ ಹೋಗುತ್ತದೆ. ಫಿಲ್ಟರ್ ಬೆಳ್ಳಗೆ ಕಾಣುತ್ತೆ, ಕೆಲಸ ಮಾತ್ರ ಮಾಡಲ್ಲ. ತೊಳೆದು ಬಳಸಬಹುದು ಅಂತ ತಯಾರಕರೇ ಬರೆದಿರುವ ಬಗೆಯನ್ನು ಬಿಟ್ಟು ಉಳಿದದ್ದನ್ನು ಬದಲಾಯಿಸುವುದೇ ಸರಿ. ಸಾದಾ ಫಿಲ್ಟರ್ ಕೆಲವು ನೂರು ರೂಪಾಯಿಗಳ ಮಾತು, ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಗೊತ್ತೇ ಇದೆ.

ಬದಲಾಯಿಸೋದು ಕಷ್ಟವಾ? ನಮ್ಮ ತಂಡದ ಒಬ್ಬರ ಮನೆಯ 2011ರ ಐ20 ಉದಾಹರಣೆ ತಗೊಳ್ಳಿ. ಕಾರು ಆಫ್ ಮಾಡಿ. ಗ್ಲೋವ್ ಬಾಕ್ಸಿನಲ್ಲಿರುವ ಆರ್‌ಸಿ, ಇನ್ಶೂರೆನ್ಸ್ ಕಾಗದ, ಹಳೇ ಟೋಲ್ ಚೀಟಿ, ಅಮ್ಮ ಇಟ್ಟ ಕುಂಕುಮದ ಪೊಟ್ಟಣ ಎಲ್ಲ ಹೊರಗೆ ತೆಗೆದಿಡಿ. ಬಾಕ್ಸ್ ತೆರೆದರೆ ಒಳಗೆ ಎರಡೂ ಪಕ್ಕದಲ್ಲಿ ಪ್ಲಾಸ್ಟಿಕ್ ತಡೆಗಳಿವೆ, ಅವನ್ನು ಬಿಡಿಸಿದರೆ ಬಾಕ್ಸ್ ಪೂರ್ತಿ ಕೆಳಗೆ ಜೋತು ಬೀಳುತ್ತದೆ. ಹಿಂದೆ ಕಾಣುವ ಉದ್ದನೆ ಮುಚ್ಚಳದ ಲಾಕ್ ಒತ್ತಿ ಎಳೆದರೆ ಫಿಲ್ಟರ್ ಸಿಕ್ಕಿತು. ಸ್ಕ್ರೂಡ್ರೈವರ್ ಬೇಕಾಗಲ್ಲ. ಬೇರೆ ಕಾರುಗಳಲ್ಲಿ ಸ್ವಲ್ಪ ಹೆಚ್ಚುಕಮ್ಮಿ, ಮ್ಯಾನ್ಯುಯಲ್ ನೋಡಿ. ಹಳೇ ಪ್ಲಾಸ್ಟಿಕ್ ಒಣಗಿ ಪೆಡಸಾಗಿರುತ್ತೆ, ಎಳೆದಾಡಬೇಡಿ.

ಹಳೇ ಫಿಲ್ಟರನ್ನು ಅಲುಗಾಡಿಸದೆ ನಿಧಾನ ಎಳೀರಿ. ಅದರ ಮೇಲಿನ ಗುಲ್‌ಮೊಹರ್ ಎಲೆ, ಸತ್ತ ಜಿರಳೆ ಫ್ಯಾನಿನೊಳಗೆ ಬಿದ್ದರೆ ಆಮೇಲೆ ಟಕಟಕ ಸದ್ದು. ಹೊರ ತೆಗೆಯುವಾಗಲೇ ಬಾಣದ ಗುರುತು ಯಾವ ಕಡೆ ಇತ್ತು ಅಂತ ಫೋಟೋ ಹೊಡ್ಕೊಳ್ಳಿ. ಬಾಣ ಗಾಳಿ ಹರಿಯುವ ದಿಕ್ಕು ತೋರಿಸುತ್ತದೆ. ಹಿಂದಿನವರು ಉಲ್ಟಾ ಹಾಕಿರಬಹುದು ಅನ್ನುವ ಅನುಮಾನ ಇದ್ದರೆ ಕೊಳೆ ನೋಡಿ: ಯಾವ ಮುಖ ಹೆಚ್ಚು ಕಪ್ಪಾಗಿದೆಯೋ ಆ ಕಡೆಯಿಂದ ಗಾಳಿ ಬರುತ್ತಿದೆ. ಹೊಸದರ ಅಂಚು ಎಲ್ಲಾ ಕಡೆ ಬಿಗಿಯಾಗಿ ಕೂರಬೇಕು. ಸಂದಿ ಉಳಿದರೆ ಗಾಳಿ ಫಿಲ್ಟರ್ ಬಿಟ್ಟು ಸಂದಿಯಲ್ಲೇ ನುಗ್ಗುತ್ತದೆ.

ಸಾಮಾನ್ಯವಾಗಿ 10,000ದಿಂದ 15,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ ಎನ್ನುತ್ತಾರೆ. ಬಳ್ಳಾರಿ-ಹೊಸಪೇಟೆ ಕಡೆ ಓಡಾಡುವವರು ಇನ್ನೂ ಬೇಗ ತೆಗೆದು ನೋಡಬೇಕು. ಕರಾವಳಿ, ಮಲೆನಾಡಿನವರಿಗೆ ಧೂಳಿಗಿಂತ ಬೂಷ್ಟಿನ ಕಾಟ, ಮಳೆಗಾಲ ಮುಗಿದ ಮೇಲೆ ಬದಲಾಯಿಸಿದರೆ ಒಳ್ಳೆಯದು. ಮನೆ ತಲುಪುವ ಐದು ನಿಮಿಷ ಮುಂಚೆ ಎಸಿ ಆರಿಸಿ ಬರೀ ಫ್ಯಾನ್ ಓಡಿಸಿದರೆ ಇವಾಪರೇಟರ್ ಒಣಗಿ ಕಮಟು ವಾಸನೆ ಕಮ್ಮಿಯಾಗುತ್ತದೆ.

ಪಿಎಂ 2.5 ವಿಷಯದಲ್ಲಿ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಹಿಂದಿನ ಸೀಟಿನಲ್ಲಿ ಅಸ್ತಮಾ ಇರುವ ಅಜ್ಜಿಯೋ ಪುಟ್ಟ ಮಗುವೋ ಕೂರುವ ಮನೆಯಲ್ಲಿ ಈ ಫಿಲ್ಟರ್ ಚಿಲ್ಲರೆ ವಿಷಯವಲ್ಲ. ಹಾಗಂತ ಅತಿಯಾಗಿ ನಂಬಲೂ ಬಾರದು. ಸಾದಾ ಫಿಲ್ಟರ್ ಹೊಗೆಯಲ್ಲಿರುವ ಅನಿಲಗಳನ್ನು ತಡೆಯುವುದಿಲ್ಲ. ಸಕ್ರಿಯ ಇದ್ದಿಲು ಇರುವ ಕಪ್ಪು ಬಣ್ಣದ್ದು ಒಂದಷ್ಟು ವಾಸನೆ ಮತ್ತು ಕೆಲವು ಅನಿಲ ಹೀರುತ್ತದೆ, ಆದರೆ ಕಾರ್ಬನ್ ಮೊನಾಕ್ಸೈಡ್ ಎರಡರಿಂದಲೂ ಪಾರಾಗುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿ ಎಸಿ ಹಾಕಿ ಮಲಗುವವರನ್ನು ಯಾವ ಫಿಲ್ಟರೂ ಕಾಯಲಾರದು.

ಕೊನೆಗೆ ಇನ್ನೊಂದು. ಗ್ಲೋವ್ ಬಾಕ್ಸ್ ಬಿಚ್ಚಿ ನೋಡಿದರೆ ಜಾಗ ಇದೆ, ಫಿಲ್ಟರೇ ಇಲ್ಲ ಅನ್ನುವ ಹಳೇ ಕಾರುಗಳೂ ಇವೆ. ಖರ್ಚು ಉಳಿಸಲು ಕಂಪನಿಯವರೇ ಹಾಕದೆ ಮಾರಿದ್ದು. ಅಂಥ ಕಾರಿನಲ್ಲಿ ಇಷ್ಟು ವರ್ಷದ ಧೂಳೆಲ್ಲ ಇವಾಪರೇಟರ್ ಮೇಲೇ ಕೂತಿರುತ್ತದೆ. ಮೊದಲು ಅದನ್ನು ಕ್ಲೀನ್ ಮಾಡಿಸಿ, ಆಮೇಲೆ ಅಳತೆಗೆ ಸರಿಯಾದ ಫಿಲ್ಟರ್ ತಂದು ಹಾಕಿ. ಜಾಗದ ಬಾಯಿಯನ್ನು ಪ್ಲಾಸ್ಟಿಕ್ಕಿನಿಂದಲೇ ಮುಚ್ಚಿದ್ದರೆ ಕತ್ತರಿಸಬೇಕಾಗುತ್ತದೆ, ಆ ಕೆಲಸ ಮಾತ್ರ ಮೆಕ್ಯಾನಿಕ್ ಅಣ್ಣನ ಕೈಗೇ ಬಿಡಿ.